ಸಮವಸ್ತ್ರದ ಸಾಕ್ಷ್ಯ: ಹಳೆಯ ಛಾಯಾಚಿತ್ರಗಳಲ್ಲಿ ಜರ್ಮನ್ ಸೈನಿಕರು

ಛಾಯಾಚಿತ್ರವು ಸುಳ್ಳು ಹೇಳದೆಂಬ ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಬರೆದ ಮಾತನ್ನು ಸಂಶಯದಿಂದ ಕಾಣುವವರೂ ಕ್ಯಾಮರಾ ಹಿಡಿದುಕೊಟ್ಟುದನ್ನು ಸಂಶಯಿಸುವುದಿಲ್ಲ. ಒಂದರ್ಥದಲ್ಲಿ ಈ ನಂಬಿಕೆ ಸರಿಯಾದುದೇ. ಮಸೂರದ ಮುಂದೆ ಇದ್ದ ವಸ್ತುವಿನಿಂದ ಹೊರಟ ಬೆಳಕೇ ಬೆಳ್ಳಿಯ ಲವಣಗಳ ಮೇಲೆ ಬಿದ್ದು ಗುರುತನ್ನು ಮೂಡಿಸಿತು. ವಸ್ತುವಿರದಿದ್ದರೆ ಗುರುತೂ ಇರುತ್ತಿರಲಿಲ್ಲ. ಆದರೆ ಬೆಳಕು ಹೆಸರನ್ನು ಬರೆಯುವುದಿಲ್ಲ. ಊರನ್ನಾಗಲಿ ದಿನಾಂಕವನ್ನಾಗಲಿ ಬರೆಯುವುದಿಲ್ಲ. ಅವನ್ನು ಬರೆಯುವವನು ಮನುಷ್ಯ. ಚಿತ್ರದ ಅಡಿಯಲ್ಲಿ ಅವನು ಒಂದು ಸಾಲು ಬರೆಯುತ್ತಾನೆ. ಚಿತ್ರದ ಮೇಲಿದ್ದ ನಮ್ಮ ನಂಬಿಕೆ ನಮಗೆ ತಿಳಿಯದಂತೆಯೇ ಆ ಸಾಲಿಗೂ ಹರಿದುಹೋಗುತ್ತದೆ. ಅಪಾಯವಿರುವುದು ಇಲ್ಲಿಯೇ.

ಚಿತ್ರದ ಅಡಿಬರಹವು ಒಂದು ಊಹೆ. ವಿಜ್ಞಾನದಲ್ಲಿ ಬೇರೆ ಯಾವ ಊಹೆಯನ್ನು ಪರೀಕ್ಷಿಸುವೆವೋ ಅದೇ ರೀತಿ ಅದನ್ನೂ ಪರೀಕ್ಷಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಎರಡು ಮಹಾಯುದ್ಧಗಳ ಕಾಲದ ಜರ್ಮನ್ ಸೈನಿಕರ ಛಾಯಾಚಿತ್ರಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿವರಿಸಲು ಬಯಸುತ್ತೇವೆ. ಅಂಥ ಚಿತ್ರಗಳಲ್ಲಿ ಪರೀಕ್ಷೆಗೆ ಒದಗುವ ಮುಖ್ಯ ಸಾಧನ ಸಮವಸ್ತ್ರ: ಗುಂಡಿಗಳು, ಪಟ್ಟಿಗಳು, ಟೋಪಿಗಳು, ಲಾಂಛನಗಳು. ಇವು ಹವ್ಯಾಸಿಗಳ ಕಾಲಕ್ಷೇಪದ ವಿಷಯವೆಂದು ತಿರಸ್ಕರಿಸುವವರುಂಟು. ಆ ತಿರಸ್ಕಾರಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಒಂದು ನಿಜಸಂಗತಿಯಿಂದ ತಿಳಿಯಬಹುದು.

ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದ ಮೇಲೆ ಜರ್ಮನಿಯಲ್ಲಿ ಒಂದು ಸಮಾಧಾನದ ನಂಬಿಕೆ ಬಹುಕಾಲ ಉಳಿದಿತ್ತು. ಯೆಹೂದ್ಯರನ್ನೂ ಯುದ್ಧಕೈದಿಗಳನ್ನೂ ನಿಶ್ಶಸ್ತ್ರ ಗ್ರಾಮಸ್ಥರನ್ನೂ ಕೊಂದವರು ಹಿಟ್ಲರನ ಪಕ್ಷದ ಎಸ್.ಎಸ್. ಪಡೆಯವರು, ವೆರ್ಮಾಖ್ಟ್ ಎನಿಸಿದ ಸಾಮಾನ್ಯ ಸೇನೆಯ ಕೈಗಳು ಮಾತ್ರ ಶುದ್ಧವಾದುವು, ಎಂಬುದೇ ಆ ನಂಬಿಕೆ. ಅದು ಸುಳ್ಳೆಂದು ತೋರಿಸುವ ಉದ್ದೇಶದಿಂದ ಹ್ಯಾಂಬರ್ಗಿನ ಸಾಮಾಜಿಕ ಸಂಶೋಧನ ಸಂಸ್ಥೆಯು ೧೯೯೫ರಲ್ಲಿ ಒಂದು ಸಂಚಾರಿ ಪ್ರದರ್ಶನವನ್ನು ಏರ್ಪಡಿಸಿತು. ಅದರಲ್ಲಿ ೧,೪೩೩ ಛಾಯಾಚಿತ್ರಗಳಿದ್ದುವು. ಊರಿಂದೂರಿಗೆ ಸಾಗಿದ ಆ ಪ್ರದರ್ಶನವನ್ನು ಲಕ್ಷಾಂತರ ಜನರು ನೋಡಿದರು. ಅನೇಕರು ಕಣ್ಣೀರಿಟ್ಟರು, ಅನೇಕರು ಕೋಪಗೊಂಡರು.

೧೯೯೯ರಲ್ಲಿ ಇಬ್ಬರು ಇತಿಹಾಸಜ್ಞರು, ಪೋಲೆಂಡಿನಲ್ಲಿ ಹುಟ್ಟಿದ ಬೊಗ್ದಾನ್ ಮೂಷಿಯಾಲ್ ಹಾಗೂ ಹಂಗೆರಿಯ ಕ್ರಿಸ್ಟಿಯಾನ್ ಉಂಗ್ವಾರಿ, ಕೆಲವು ಚಿತ್ರಗಳ ಅಡಿಬರಹಗಳು ತಪ್ಪೆಂದು ಆಧಾರಸಹಿತವಾಗಿ ತೋರಿಸಿದರು. ಜರ್ಮನ್ ಸೇನೆಯವರೆಂದು ಹೇಳಲಾಗಿದ್ದ ಕೆಲವರು ಜರ್ಮನರೇ ಅಲ್ಲ. ಅವರ ಉಡುಪು ಹಂಗೆರಿ, ಫಿನ್ಲೆಂಡ್ ಮೊದಲಾದ ಬೇರೆ ಸೇನೆಗಳದು. ಮತ್ತೆ ಕೆಲವು ಚಿತ್ರಗಳಲ್ಲಿ ನೆಲದ ಮೇಲಿದ್ದ ಶವಗಳು ಜರ್ಮನರು ಬರುವುದಕ್ಕೆ ಮುಂಚೆ ಸೋವಿಯತ್ ರಹಸ್ಯ ಪೊಲೀಸರು ಸೆರೆಮನೆಗಳಲ್ಲಿ ಕೊಂದವರವು. ಪ್ರದರ್ಶನವನ್ನು ಅದೇ ವರ್ಷದ ನವೆಂಬರಿನಲ್ಲಿ ನಿಲ್ಲಿಸಬೇಕಾಯಿತು. ಪರಿಶೀಲನೆಗಾಗಿ ಇತಿಹಾಸಜ್ಞರ ಮಂಡಲಿಯೊಂದು ನೇಮಕವಾಯಿತು.

ಮಂಡಲಿಯು ೨೦೦೦ದ ನವೆಂಬರಿನಲ್ಲಿ ಕೊಟ್ಟ ವರದಿ ಗಮನಾರ್ಹವಾದುದು. ೧,೪೩೩ ಚಿತ್ರಗಳಲ್ಲಿ ಪ್ರದರ್ಶನಕ್ಕೆ ಸಲ್ಲದವು ೨೦ಕ್ಕೂ ಕಡಿಮೆ; ಯಾವ ಚಿತ್ರವೂ ಬುದ್ಧಿಪೂರ್ವಕವಾಗಿ ಮಾಡಿದ ಮೋಸವಲ್ಲ; ಸೇನೆಯು ಅಪರಾಧಗಳಲ್ಲಿ ಭಾಗವಹಿಸಿತೆಂಬ ಮುಖ್ಯ ವಾದ ಸರಿಯಾದುದೇ; ಆದರೆ ಚಿತ್ರಗಳನ್ನು ಬಳಸುವಲ್ಲಿ ಎಚ್ಚರ ಸಾಲದಾಯಿತು. ಪ್ರದರ್ಶನವನ್ನು ಹೊಸದಾಗಿ ಸಿದ್ಧಪಡಿಸಿ ೨೦೦೧ರಿಂದ ೨೦೦೪ರವರೆಗೆ ಮತ್ತೆ ತೋರಿಸಲಾಯಿತು.

ನೂರಕ್ಕೆ ಒಂದೂವರೆಯಷ್ಟೂ ಇಲ್ಲದ ತಪ್ಪು ಎಷ್ಟು ಹಾನಿ ಮಾಡಿತೆಂಬುದನ್ನು ನೋಡಬೇಕು. ಸತ್ಯವನ್ನು ಕೇಳಲು ಇಷ್ಟವಿಲ್ಲದವರಿಗೆ ಆ ಕೆಲವು ಚಿತ್ರಗಳು ನೆಪವಾದುವು. ‘ಇದು ಸುಳ್ಳಾದರೆ ಉಳಿದುದೂ ಸುಳ್ಳು’ ಎನ್ನಲು ಅವರಿಗೆ ಅವಕಾಶ ದೊರೆಯಿತು. ಸತ್ತವರಿಗೂ ಅನ್ಯಾಯವಾಯಿತು, ಸೆರೆಮನೆಯಲ್ಲಿ ಒಬ್ಬರ ಕೈಯಿಂದ ಸತ್ತವರನ್ನು ಮತ್ತೊಬ್ಬರ ಲೆಕ್ಕಕ್ಕೆ ಬರೆದುದು ಅವರ ಸಾವಿನ ನೆನಪನ್ನೇ ಕಸಿದುಕೊಂಡಂತೆ. ಹೀಗಾದುದಕ್ಕೆ ಕಾರಣ ದುರುದ್ದೇಶವಲ್ಲ. ಹಳೆಯ ದಫ್ತರಗಳಲ್ಲಿ ಯಾರೋ ಬರೆದಿಟ್ಟಿದ್ದ ಅಡಿಬರಹವನ್ನು ಮರುಪರೀಕ್ಷೆ ಮಾಡದೆ ಒಪ್ಪಿಕೊಂಡುದು ಮಾತ್ರ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಮೊದಲು ಕಾಲನಿರ್ಣಯವನ್ನು ನೋಡೋಣ.

ಭೂವಿಜ್ಞಾನಿಯು ಶಿಲಾಸ್ತರದ ವಯಸ್ಸನ್ನು ಅದರಲ್ಲಿ ಅಡಗಿರುವ ಜೀವ್ಯವಶೇಷಗಳಿಂದ ತಿಳಿಯುತ್ತಾನೆ. ಚಿತ್ರದ ಕಾಲವನ್ನೂ ಹೀಗೆಯೇ ತಿಳಿಯಬಹುದು. ನಿಯಮ ಸರಳವಾದುದು: ಚಿತ್ರವು ಅದರಲ್ಲಿ ಕಾಣುವ ಅತ್ಯಂತ ಹೊಸ ವಸ್ತುವಿಗಿಂತ ಹಳೆಯದಾಗಿರಲಾರದು. ಜರ್ಮನ್ ಸೇನೆಯ ಉಡುಪು ಕ್ರಮಕ್ರಮವಾಗಿ ಬದಲಾಯಿಸಿತು. ಬದಲಾವಣೆಗಳು ಆಜ್ಞಾರೂಪವಾಗಿ ಹೊರಟುದರಿಂದ ಅವುಗಳ ವರ್ಷಗಳು ನಮಗೆ ತಿಳಿದಿವೆ. ತುದಿಯಲ್ಲಿ ಮೊಳೆಯುಳ್ಳ ಚರ್ಮದ ಶಿರಸ್ತ್ರಾಣವನ್ನು ಪ್ರಷ್ಯವು ೧೮೪೨ರಲ್ಲಿ ಜಾರಿಗೆ ತಂದಿತು. ಕಡುನೀಲಿಯ ಅಂಗಿಗೆ ಬದಲಾಗಿ ಮಣ್ಣಿನಲ್ಲಿ ಮರೆಯಾಗುವ ಬೂದುಹಸಿರಿನ ರಣವಸ್ತ್ರ ೧೯೧೦ರಲ್ಲಿ ಬಂದಿತು. ಹ್ಯಾನೋವರಿನ ಎಂಜಿನಿಯರ್ ಫ್ರೀಡ್ರಿಖ್ ಶ್ವೇರ್ಡ್ ರೂಪಿಸಿದ ಉಕ್ಕಿನ ಶಿರಸ್ತ್ರಾಣ ೧೯೧೬ರ ಆರಂಭದಲ್ಲಿ, ವರ್ಡನ್ ಕದನದ ಸಮಯಕ್ಕೆ, ಮುಂಚೂಣಿಯ ಪಡೆಗಳಿಗೆ ದೊರೆಯಿತು. ಸ್ವಸ್ತಿಕವನ್ನು ಹಿಡಿದ ಗರುಡನನ್ನು ಎದೆಯ ಮೇಲೆ ಧರಿಸಬೇಕೆಂಬ ಆಜ್ಞೆ ೧೯೩೪ರಲ್ಲಿ ಹೊರಟಿತು. ಮುಂಭಾಗದಲ್ಲಿ ಉದ್ದವಾದ ಚಾಚುಳ್ಳ ಬಟ್ಟೆಯ ಟೋಪಿ ಸೇನೆಗೆಲ್ಲ ಸಾಮಾನ್ಯವಾದುದು ೧೯೪೩ರಲ್ಲಿ.

ಆದುದರಿಂದ ೧೯೧೪ನೆಯ ವರ್ಷದ್ದೆಂದು ಬರೆದಿರುವ ಚಿತ್ರದಲ್ಲಿ ಕಿವಿಗಳನ್ನು ಮುಚ್ಚುವಂಥ ಉಕ್ಕಿನ ಶಿರಸ್ತ್ರಾಣ ಕಂಡರೆ ಬರಹ ತಪ್ಪೆಂದು ನಿಸ್ಸಂಶಯವಾಗಿ ಹೇಳಬಹುದು. ಆದರೆ ಇದಕ್ಕೆ ವಿಪರೀತವಾದ ವಾದ ಸಲ್ಲದು. ಮೊಳೆಯ ಶಿರಸ್ತ್ರಾಣ ಕಂಡ ಮಾತ್ರಕ್ಕೆ ಚಿತ್ರವು ೧೯೧೬ಕ್ಕೆ ಹಿಂದಿನದೆಂದು ಹೇಳುವಂತಿಲ್ಲ. ಹೊಸದು ಬಂದ ದಿನವೇ ಹಳೆಯದು ಮಾಯವಾಗುವುದಿಲ್ಲ. ಹಿಂಬದಿಯ ಕಾವಲುಪಡೆಗಳು ಹಳೆಯ ಸಾಮಗ್ರಿಯನ್ನು ಸವೆಯುವ ತನಕ ಬಳಸುವುವು. ಸೇನೆಯ ಶಿರಸ್ತ್ರಾಣದ ಬಲಬದಿಯಲ್ಲಿದ್ದ ಮೂರು ಬಣ್ಣದ ಗುರಾಣಿಯ ಗುರುತನ್ನು ತೆಗೆದುಹಾಕಬೇಕೆಂದು ೧೯೪೦ರಲ್ಲಿ ಆಜ್ಞೆಯಾಯಿತು. ಆದರೆ ಆಜ್ಞೆಯಾದ ಮಾತ್ರಕ್ಕೆ ಎಲ್ಲ ಶಿರಸ್ತ್ರಾಣಗಳಿಂದಲೂ ಅದು ಆ ಕ್ಷಣವೇ ಅಳಿಸಿಹೋಗಲಿಲ್ಲ. ಹೊಸ ವಸ್ತುವು ಕೊಡುವ ಸಾಕ್ಷ್ಯ ದೃಢವಾದುದು. ಹಳೆಯ ವಸ್ತುವು ಕೊಡುವುದು ಸಂಭವ ಮಾತ್ರ. ಇವೆರಡರ ಅಂತರವನ್ನು ತಿಳಿದವನು ಅರ್ಧ ದಾರಿ ನಡೆದಂತೆಯೇ.

ಇನ್ನು ಆ ವ್ಯಕ್ತಿ ಯಾವ ಪಡೆಗೆ ಸೇರಿದವನೆಂಬ ಪ್ರಶ್ನೆ. ಇಲ್ಲಿ ಲಾಂಛನದ ಆಕಾರಕ್ಕಿಂತ ಅದರ ಸ್ಥಾನ ಹೆಚ್ಚಿನದನ್ನು ತಿಳಿಸುತ್ತದೆ. ಸೇನೆಯ ಸೈನಿಕನಿಗೆ ಗರುಡ ಲಾಂಛನವಿರುವುದು ಬಲ ಎದೆಯ ಮೇಲೆ, ಎಸ್.ಎಸ್. ಸೈನಿಕನಿಗೆ ಎಡ ತೋಳಿನ ಮೇಲ್ಭಾಗದಲ್ಲಿ. ಸೇನೆಯವನ ಕಾಲರಿನ ಎರಡು ಬದಿಯಲ್ಲಿಯೂ ಜೋಡಿಗೆರೆಯ ಒಂದೇ ಬಗೆಯ ಪಟ್ಟಿಗಳಿರುವುವು, ಎಸ್.ಎಸ್. ಸೈನಿಕನ ಬಲ ಕಾಲರಿನಲ್ಲಿ ಸಾಮಾನ್ಯವಾಗಿ ಮಿಂಚಿನಾಕಾರದ ಎರಡು ಅಕ್ಷರಗಳು, ಎಡ ಕಾಲರಿನಲ್ಲಿ ದರ್ಜೆಯ ಚಿಹ್ನೆ. ವಾಯುಪಡೆಯವನ ಕಾಲರಿನಲ್ಲಿ ಹಾರುವ ಹಕ್ಕಿಯ ರೆಕ್ಕೆಗಳು. ಬಲ ಕಾಲರಿನ ಪಟ್ಟಿ ಬರಿದಾಗಿದ್ದು, ಎಡ ತೋಳಿನ ಕೆಳಭಾಗದಲ್ಲಿ ವಜ್ರಾಕೃತಿಯ ತುಂಡಿನೊಳಗೆ ‘ಎಸ್‌ಡಿ’ ಎಂಬ ಅಕ್ಷರಗಳಿದ್ದರೆ ಅವನು ಭದ್ರತಾ ಪೊಲೀಸು ಅಥವಾ ಗುಪ್ತಚಾರ ಶಾಖೆಯವನು. ಎಡ ತೋಳಿನಲ್ಲಿ ಓಕ್ ಎಲೆಗಳ ಮಾಲೆಯ ನಡುವೆ ಗರುಡನಿದ್ದರೆ ಅವನು ಸಮವಸ್ತ್ರದ ಪೊಲೀಸಿನವನು.

ಈ ಭೇದಗಳು ಚಿಕ್ಕವೆಂದು ತೋರಬಹುದು. ಆದರೆ ೧೯೪೨ರ ಜುಲೈ ೧೩ರಂದು ಪೋಲೆಂಡಿನ ಯುಜೆಫುಫ್ ಎಂಬ ಹಳ್ಳಿಯಲ್ಲಿ ಸುಮಾರು ೧,೫೦೦ ಯೆಹೂದ್ಯರನ್ನು ಗುಂಡಿಕ್ಕಿ ಕೊಂದವರು ಸೈನಿಕರೂ ಅಲ್ಲ, ಎಸ್.ಎಸ್. ಪಡೆಯ ಯೋಧರೂ ಅಲ್ಲ. ಹ್ಯಾಂಬರ್ಗಿನಿಂದ ಬಂದ ೧೦೧ನೆಯ ಮೀಸಲು ಪೊಲೀಸು ಪಡೆಯವರು. ಅವರಲ್ಲಿ ಹೆಚ್ಚಿನವರು ನಡುವಯಸ್ಸಿನ ಕೂಲಿಕಾರರು, ಗುಮಾಸ್ತರು, ಸಂಸಾರಸ್ಥರು. ಅಮೆರಿಕದ ಇತಿಹಾಸಜ್ಞ ಕ್ರಿಸ್ಟೋಫರ್ ಬ್ರೌನಿಂಗ್ ೧೯೯೨ರಲ್ಲಿ ಇವರ ವಿಷಯವಾಗಿ ಬರೆದ ಗ್ರಂಥವು ಲೋಕವನ್ನು ಚಿಂತೆಗೀಡುಮಾಡಿತು. ಸಾಮಾನ್ಯ ಜನರೂ ಇಂಥದನ್ನು ಮಾಡಬಲ್ಲರೆಂಬುದೇ ಆ ಗ್ರಂಥದ ತಿರುಳು. ಜರ್ಮನ್ ಸಮವಸ್ತ್ರ ಧರಿಸಿದವರನ್ನೆಲ್ಲ ‘ನಾಜಿ ಸೈನಿಕರು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವವನಿಗೆ ಈ ತಿರುಳು ಎಂದಿಗೂ ದೊರೆಯದು. ತೋಳಿನ ಮೇಲಿನ ಓಕ್ ಎಲೆಗಳನ್ನು ನೋಡಿ ಗುರುತಿಸುವುದೆಂದರೆ, ಕೊಂದವನು ನೆರೆಮನೆಯವನಾಗಿದ್ದನೆಂಬುದನ್ನು ಗುರುತಿಸುವುದು.

ಅವಸರದ ಊಹೆಗೆ ಪ್ರಸಿದ್ಧವಾದ ಒಂದು ಬಲೆಯುಂಟು. ಅದು ತಲೆಬುರುಡೆಯ ಚಿಹ್ನೆ. ಕಪ್ಪು ಉಡುಪು, ಕಾಲರಿನ ಮೇಲೆ ತಲೆಬುರುಡೆ ಇವೆರಡೂ ಕಂಡೊಡನೆ ‘ಎಸ್.ಎಸ್.’ ಎಂದು ಬರೆದುಬಿಡುವವರು ಬಹುಮಂದಿ. ಆದರೆ ಸೇನೆಯ ಟ್ಯಾಂಕು ದಳದವರಿಗೂ ೧೯೩೪ರಿಂದ ಕಪ್ಪು ಅಂಗಿಯಿತ್ತು. ಎಣ್ಣೆಮಸಿಯ ಕಲೆ ಕಾಣದಿರಲೆಂದು ಆ ಬಣ್ಣ. ಅವರ ಕಾಲರಿನ ಎರಡು ಬದಿಯಲ್ಲಿಯೂ ಚಿಕ್ಕ ತಲೆಬುರುಡೆಗಳಿದ್ದುವು. ಆ ಚಿಹ್ನೆಯು ಎಸ್.ಎಸ್. ಹುಟ್ಟುವುದಕ್ಕೆ ಬಹು ಹಿಂದಿನದು. ಪ್ರಷ್ಯದ ಕೆಲವು ಹುಸಾರ್ ಅಶ್ವದಳಗಳು ಹದಿನೆಂಟನೆಯ ಶತಮಾನದಿಂದಲೇ ಅದನ್ನು ಧರಿಸುತ್ತಿದ್ದುವು. ೧೮೪೯ರಲ್ಲಿ ಹುಟ್ಟಿದ ಫೀಲ್ಡ್ ಮಾರ್ಷಲ್ ಆಗಸ್ಟ್ ಫಾನ್ ಮಾಕೆನ್ಸೆನ್‌ನ ಚಿತ್ರಗಳಲ್ಲಿ ತುಪ್ಪುಳದ ಟೋಪಿಯ ಮೇಲೆ ದೊಡ್ಡ ತಲೆಬುರುಡೆ ಎದ್ದು ಕಾಣುತ್ತದೆ, ಎಸ್.ಎಸ್. ಸ್ಥಾಪನೆಯಾದುದೋ ೧೯೨೫ರಲ್ಲಿ. ಒಂದೇ ಚಿಹ್ನೆಯನ್ನು ಹಿಡಿದು ತೀರ್ಪು ಕೊಡಬಾರದು; ಕಾಲರು, ತೋಳು, ಎದೆ, ಟೋಪಿ, ನಡುಪಟ್ಟಿಗಳೆಲ್ಲ ಒಂದೇ ಮಾತನ್ನು ಹೇಳುತ್ತವೆಯೋ ಎಂದು ಕೇಳಬೇಕು.

ಮೂರನೆಯದು ಬೆಳಕಿನ ವಿಷಯ. ಇಲ್ಲಿ ಭೌತ ಹಾಗೂ ರಸಾಯನ ಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗಳಿಗೆ ಇತಿಹಾಸದ ವಿದ್ಯಾರ್ಥಿಗಿಂತ ಹೆಚ್ಚಿನ ಅನುಕೂಲವಿದೆ. ಹಳೆಯ ಛಾಯಾಫಲಕಗಳು ಎಲ್ಲ ಬಣ್ಣಗಳನ್ನೂ ಸಮನಾಗಿ ಕಾಣುತ್ತಿರಲಿಲ್ಲ. ಬೆಳ್ಳಿಯ ಲವಣಗಳಿಗೆ ಸ್ವಭಾವತಃ ಗೋಚರವಾಗುವುದು ನೀಲಿ ಮತ್ತು ನೇರಿಳೆ ಮಾತ್ರ. ಬರ್ಲಿನ್ನಿನ ರಸಾಯನಜ್ಞ ಹೆರ್ಮಾನ್ ಫೋಗೆಲ್ ೧೮೭೩ರಲ್ಲಿ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಹಸಿರಿಗೂ ಅವು ಸಂವೇದಿಸುವುವೆಂದು ಕಂಡುಹಿಡಿದನು. ಇದರಿಂದ ಬೆಳೆದು ಬಂದುದೇ ಆರ್ಥೊಕ್ರೋಮ್ಯಾಟಿಕ್ ಫಲಕ. ಅದು ಕೆಂಪನ್ನು ಕಾಣಲಾರದು. ಕೆಂಪನ್ನೂ ಕಾಣಬಲ್ಲ ಪ್ಯಾನ್‌ಕ್ರೋಮ್ಯಾಟಿಕ್ ಫಲಕಗಳು ೧೯೦೬ರ ಸುಮಾರಿಗೆ ಮಾರಾಟಕ್ಕೆ ಬಂದರೂ ಹಳೆಯ ಬಗೆಯ ಫಿಲ್ಮು ಇನ್ನೂ ಬಹುಕಾಲ ಬಳಕೆಯಲ್ಲಿತ್ತು.

ಇದರ ಫಲವೇನು? ಅಂಥ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಹೆಚ್ಚುಕಡಿಮೆ ಬಿಳುಪಾಗಿಯೂ ಕಾಣುವುದು. ಮೊದಲನೆಯ ಮಹಾಯುದ್ಧದ ಜರ್ಮನ್ ಸೈನಿಕನ ಟೋಪಿಯ ಮುಂಭಾಗದಲ್ಲಿ ಎರಡು ದುಂಡು ಗುರುತುಗಳಿದ್ದುವು. ಮೇಲಿನದು ಇಡೀ ಸಾಮ್ರಾಜ್ಯದ್ದು. ಕೆಳಗಿನದು ಅವನ ಸೀಮೆಯದು. ಪ್ರಷ್ಯದವನಿಗೆ ಕಪ್ಪು-ಬಿಳಿ-ಕಪ್ಪು, ಬವೇರಿಯದವನಿಗೆ ಬಿಳಿ-ನೀಲಿ-ಬಿಳಿ, ಬಾಡೆನ್ನಿನವನಿಗೆ ಹಳದಿ-ಕೆಂಪು-ಹಳದಿ. ಬವೇರಿಯದವನ ಗುರುತು ಇಂಥ ಚಿತ್ರದಲ್ಲಿ ಒಂದೇ ಬಿಳಿಯ ಚುಕ್ಕೆಯಂತೆ ಕಾಣಬಹುದು. ಬಾಡೆನ್ನಿನವನದು ಪೂರ್ತಿಯಾಗಿ ಕಪ್ಪಾಗಬಹುದು. ಕಣ್ಣಿಗೆ ಕಂಡಂತೆ ಬಣ್ಣವನ್ನು ಹೇಳುವವನು ಮೋಸಹೋಗುವನು.

ಎರಡನೆಯ ಮಹಾಯುದ್ಧದಿಂದ ಇನ್ನೊಂದು ನಿದರ್ಶನ. ಸೈನಿಕನ ಅಂಗಿಯ ಗುಂಡಿಕಾಜದಲ್ಲಿ ಒಂದು ಪಟ್ಟೆಯ ದಾರ ಕಾಣುತ್ತದೆ. ಅದು ೧೯೩೯ರ ಕಬ್ಬಿಣದ ಶಿಲುಬೆಯ ಎರಡನೆಯ ದರ್ಜೆಯ ಬಿರುದಿನ ದಾರವಾಗಿರಬಹುದು: ಅಂಚುಗಳಲ್ಲಿ ಕಪ್ಪು, ಅದರೊಳಗೆ ಬಿಳಿ, ನಡುವೆ ಅಗಲವಾದ ಕೆಂಪು. ಅಥವಾ ರಷ್ಯದ ಮೊದಲ ಚಳಿಗಾಲವನ್ನು ಕಳೆದವರಿಗೆ ಕೊಡಲು ೧೯೪೨ರ ಮೇ ತಿಂಗಳಲ್ಲಿ ಸ್ಥಾಪಿಸಿದ ಪದಕದ ದಾರವಾಗಿರಬಹುದು: ಎರಡು ಬದಿಯಲ್ಲಿ ಅಗಲವಾದ ಕೆಂಪು, ನಡುವೆ ಬಿಳಿ-ಕಪ್ಪು-ಬಿಳಿಯ ಸಣ್ಣ ಗೆರೆಗಳು. ಕೆಂಪನ್ನು ಕಾಣದ ಫಿಲ್ಮಿನಲ್ಲಿ ಎರಡೂ ಒಂದೇ ಕ್ರಮವಾಗಿ ಕಾಣುವುವು: ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು. ಭೇದವಿರುವುದು ಪಟ್ಟೆಗಳ ಅಗಲದಲ್ಲಿ ಮಾತ್ರ. ಆ ಅಗಲವನ್ನು ಅಳೆದು ದಾರವು ಚಳಿಗಾಲದ ಪದಕದ್ದೆಂದು ಕಂಡವನು ಚಿತ್ರವು ೧೯೪೨ರ ಮೇ ತಿಂಗಳಿಗಿಂತ ಹಿಂದಿನದಲ್ಲವೆಂದು ಹೇಳಬಲ್ಲನು. ಅಳೆಯದವನು ಸುಮ್ಮನಿರುವುದು ಲೇಸು.

ಈಚೆಗೆ ಗಣಕಯಂತ್ರದ ನೆರವಿನಿಂದ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವ ರೂಢಿ ಬಂದಿದೆ. ನೋಡಲು ಅವು ಸೊಗಸಾಗಿರುವುವು. ಆದರೆ ಯಂತ್ರವು ಹಾಕುವ ಬಣ್ಣವು ಚಿತ್ರದಲ್ಲಿ ಇದ್ದುದಲ್ಲ, ಊಹೆ ಮಾಡಿದುದು. ಜರ್ಮನ್ ಸೇನೆಯಲ್ಲಿ ಭುಜಪಟ್ಟಿಯ ಅಂಚಿನ ಬಣ್ಣವೇ ದಳವನ್ನು ತಿಳಿಸುತ್ತಿತ್ತು: ಪದಾತಿಗೆ ಬಿಳಿ, ಫಿರಂಗಿ ದಳಕ್ಕೆ ಕೆಂಪು, ಟ್ಯಾಂಕು ದಳಕ್ಕೆ ನಸುಗೆಂಪು. ಊಹೆಯ ಬಣ್ಣವು ಫಿರಂಗಿಯವನನ್ನು ಪದಾತಿಯನ್ನಾಗಿ ಮಾಡಬಲ್ಲದು. ಬಣ್ಣ ಹಚ್ಚಿದ ಪ್ರತಿಯನ್ನು ಪ್ರಮಾಣವೆಂದು ಯಾರೂ ಬಳಸಕೂಡದು.

ಚಿತ್ರವು ಎಡಬಲವಾಗಿ ಮುದ್ರಿತವಾಗಿದೆಯೇ ಎಂಬುದನ್ನೂ ನೋಡಬೇಕು. ನೆಗೆಟಿವನ್ನು ಮಗುಚಿಟ್ಟು ಮುದ್ರಿಸಿದರೆ ಬಲ ಎದೆಯ ಗರುಡ ಎಡ ಎದೆಗೆ ಬರುವುದು. ಪುರುಷರ ಅಂಗಿಯಲ್ಲಿ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರುವುದಷ್ಟೆ. ಅದು ತಿರುಗುಮುರುಗಾಗಿದ್ದರೆ ಚಿತ್ರವೇ ತಿರುಗುಮುರುಗಾಗಿದೆಯೆಂದು ತಿಳಿಯಬೇಕು. ಮನೆಯಲ್ಲಿರುವ ಯಾವ ಹಳೆಯ ಚಿತ್ರದ ಮೇಲೆಯೂ ವಾಚಕರು ಈ ಪರೀಕ್ಷೆಯನ್ನು ಮಾಡಿ ನೋಡಬಹುದು.

ಉಡುಪನ್ನು ಕಂಡು ದೇಶವನ್ನು ಹೇಳುವಾಗಲೂ ಎಚ್ಚರ ಬೇಕು. ಜರ್ಮನ್ ಮಾದರಿಯ ಶಿರಸ್ತ್ರಾಣವನ್ನು ಫಿನ್ಲೆಂಡ್, ಹಂಗೆರಿ ದೇಶಗಳ ಸೈನಿಕರು ಧರಿಸಿದ್ದರು. ೧೯೩೭ರಲ್ಲಿ ಶಾಂಘಾಯಿಯನ್ನು ರಕ್ಷಿಸಲು ಹೋರಾಡಿದ ಚೀನೀ ಪಡೆಗಳಲ್ಲಿ ಕೆಲವರು ಅದನ್ನೇ ಧರಿಸಿದ್ದರು. ಸ್ವಸ್ತಿಕ ಕಂಡ ಮಾತ್ರಕ್ಕೆ ಜರ್ಮನಿಯೆನ್ನುವುದೂ ತಪ್ಪು. ಫಿನ್ಲೆಂಡಿನ ವಾಯುಪಡೆಯು ೧೯೧೮ರಿಂದ ೧೯೪೫ರವರೆಗೆ ತನ್ನ ವಿಮಾನಗಳ ಮೇಲೆ ನೀಲಿ ಸ್ವಸ್ತಿಕವನ್ನು ಬರೆಯಿಸಿತ್ತು. ಆ ರೂಢಿ ಆರಂಭವಾದಾಗ ಹಿಟ್ಲರನ ಪಕ್ಷ ಹುಟ್ಟಿಯೇ ಇರಲಿಲ್ಲ. ಮನೆಯ ಬಾಗಿಲಲ್ಲಿ ಸ್ವಸ್ತಿಕವನ್ನು ಶುಭಚಿಹ್ನೆಯಾಗಿ ಕಂಡಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಬೇಗ ಅರ್ಥವಾದೀತು.

ಜರ್ಮನ್ ಸಮವಸ್ತ್ರದಲ್ಲಿ ಭಾರತೀಯರೂ ಇದ್ದರು. ಸುಭಾಷಚಂದ್ರ ಬೋಸರು ೧೯೪೧ರಲ್ಲಿ ಬರ್ಲಿನ್ನನ್ನು ಸೇರಿದ ಮೇಲೆ, ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕಿದ್ದ ಭಾರತೀಯ ಸೈನಿಕರಿಂದ ‘ಆಜಾದ್ ಹಿಂದ್’ ದಳವೊಂದು ಅಲ್ಲಿ ರಚಿತವಾಯಿತು. ಜರ್ಮನ್ ಸೇನೆಯಲ್ಲಿ ಅದು ೯೫೦ನೆಯ ಪದಾತಿ ದಳವೆನಿಸಿತು. ಅದರ ಸೈನಿಕರ ಎದೆಯ ಮೇಲೆ ಜರ್ಮನ್ ಗರುಡ. ತೋಳಿನ ಮೇಲೆ ಕೇಸರಿ, ಬಿಳಿ, ಹಸಿರುಗಳ ನಡುವೆ ನೆಗೆಯುವ ಹುಲಿ. ಸಿಖ್ಖರ ತಲೆಯ ಮೇಲೆ ಪಗಡಿ. ೧೯೪೪ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ಫೀಲ್ಡ್ ಮಾರ್ಷಲ್ ರೊಮ್ಮೆಲ್ ಇವರ ಪರಿವೀಕ್ಷಣೆ ಮಾಡಿದ ಚಿತ್ರಗಳುಂಟು. ಅವರನ್ನು ಬರಿಯ ಗರುಡನಿಂದ ‘ನಾಜಿಗಳು’ ಎನ್ನುವುದೂ, ಬರಿಯ ಹುಲಿಯಿಂದ ‘ಸ್ವಾತಂತ್ರ್ಯಯೋಧರು’ ಎನ್ನುವುದೂ ಪೂರ್ಣ ಸತ್ಯವಾಗಲಾರದು. ಸೆರೆಯಿಂದ ಬಿಡುಗಡೆ, ದೇಶಭಕ್ತಿ, ನಿರುಪಾಯ ಇವುಗಳಲ್ಲಿ ಯಾವುದು ಯಾರನ್ನು ಆ ಉಡುಪಿಗೆ ತಂದಿತೆಂಬುದನ್ನು ಬಟ್ಟೆ ಹೇಳದು.

ಇಲ್ಲಿಗೆ ನಾವು ಸಮವಸ್ತ್ರಶಾಸ್ತ್ರದ ಎಲ್ಲೆಗೆ ಬಂದೆವು. ಶವಗಳ ಬಳಿ ನಿಂತ ಜರ್ಮನ್ ಸೈನಿಕನ ಉಡುಪನ್ನು ಎಷ್ಟು ಸರಿಯಾಗಿ ಓದಿದರೂ ಅದು ‘ಇವನು ಇಲ್ಲಿದ್ದನು’ ಎಂದು ಮಾತ್ರ ಹೇಳುತ್ತದೆ. ‘ಇವನು ಕೊಂದನು’ ಎಂದು ಹೇಳುವುದಿಲ್ಲ. ಹ್ಯಾಂಬರ್ಗಿನ ಪ್ರದರ್ಶನದಲ್ಲಿ ಕೆಲವೆಡೆ ಆದ ತಪ್ಪು ಇದೇ. ಆದುದರಿಂದ ಉಡುಪಿನ ಸಾಕ್ಷ್ಯದೊಡನೆ ಕಟ್ಟಡಗಳು, ನೆರಳುಗಳ ದಿಕ್ಕು, ಚಿತ್ರದ ಬೆನ್ನಿನ ಬರಹ, ದಿನಚರಿಗಳು, ನ್ಯಾಯಾಲಯದ ಹೇಳಿಕೆಗಳು ಎಲ್ಲವೂ ಸೇರಬೇಕು.

ಹೀಗೆ ಸೇರಿದಾಗ ಏನು ಸಾಧ್ಯವೆಂಬುದಕ್ಕೂ ನಿದರ್ಶನವಿದೆ. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ ಒಬ್ಬ ಮನುಷ್ಯ, ಅವನ ತಲೆಗೆ ಪಿಸ್ತೂಲು ಗುರಿಯಿಟ್ಟ ಸಮವಸ್ತ್ರಧಾರಿ, ಹಿಂದೆ ನಿಂತು ನೋಡುತ್ತಿರುವ ಸಮವಸ್ತ್ರದವರ ಸಾಲು. ೧೯೬೧ರಲ್ಲಿ ಪ್ರಚಾರಕ್ಕೆ ಬಂದ ಈ ಚಿತ್ರವನ್ನು ಲೋಕವು ಬಹುಕಾಲ ‘ವಿನ್ನಿತ್ಸದ ಕೊನೆಯ ಯೆಹೂದ್ಯ’ ಎಂಬ ಹೆಸರಿನಿಂದ ತಿಳಿದಿತ್ತು. ಯುರ್ಗೆನ್ ಮತೇಯುಸ್ ಎಂಬ ಇತಿಹಾಸಜ್ಞರು ಯುದ್ಧಕಾಲದ ಸೇನಾಧಿಕಾರಿಯೊಬ್ಬನ ದಿನಚರಿಯ ನೆರವಿನಿಂದ ಅದು ವಿನ್ನಿತ್ಸವಲ್ಲ, ಯುಕ್ರೇನಿನ ಬೆರ್ಡಿಚಿವ್ ನಗರವೆಂದೂ, ೧೯೪೧ರ ಜುಲೈ ೨೮ರಂದು ತೆಗೆದುದೆಂದೂ ತೋರಿಸಿದರು. ೨೦೨೫ರಲ್ಲಿ ಗಣಕಯಂತ್ರದ ಮುಖಹೋಲಿಕೆ ಹಾಗೂ ಬಂಧುಗಳಲ್ಲಿದ್ದ ಹಳೆಯ ಚಿತ್ರಗಳ ನೆರವಿನಿಂದ ಕೊಂದವನು ಯಾರೆಂಬುದನ್ನೂ ಬಹುಮಟ್ಟಿಗೆ ನಿರ್ಧರಿಸಿದರು. ಬಲಿಯಾದವನ ಹೆಸರು ಮಾತ್ರ ಆಗಲೂ ತಿಳಿದುಬಂದಿರಲಿಲ್ಲ. ಊರಿನ ಹೆಸರೇ ತಪ್ಪಾಗಿದ್ದಷ್ಟು ಕಾಲ ಅವನನ್ನು ಹುಡುಕಿದವರು ತಪ್ಪು ಊರಿನಲ್ಲಿ ಹುಡುಕಬೇಕಾಗಿತ್ತಲ್ಲವೆ? ಸರಿಯಾದ ಅಡಿಬರಹವು ಅವನ ಹೆಸರಿನತ್ತ ಒಂದು ಹೆಜ್ಜೆಯನ್ನಾದರೂ ಮುಂದಿಟ್ಟಿದೆ.

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಸತ್ತವರ ಮುಂದೆ ನಿಂತು ಗುಂಡಿಗಳನ್ನೆಣಿಸುವುದು ಹೃದಯಶೂನ್ಯತೆಯಲ್ಲವೆ, ಎಂಬುದು ಒಂದು. ವೈದ್ಯನು ರೋಗಿಯ ಮುಂದೆ ನಿಂತು ನಾಡಿಯ ಬಡಿತಗಳನ್ನೆಣಿಸುವುದು ಹೃದಯಶೂನ್ಯತೆಯಾದರೆ ಇದೂ ಆದೀತು. ಮರುಕವೊಂದೇ ಸಾಕ್ಷ್ಯವಾಗುವುದಿಲ್ಲ; ಸಾಕ್ಷ್ಯವಿಲ್ಲದ ಮರುಕವನ್ನು ಅಲ್ಲಗಳೆಯುವವನು ಬಹು ಸುಲಭವಾಗಿ ಅಲ್ಲಗಳೆಯುವನು. ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದು. ಈ ಲಾಂಛನಗಳ ಅಭ್ಯಾಸವು ಅವುಗಳ ಆರಾಧನೆಗೆ ದಾರಿಮಾಡಬಹುದು. ಬಿರುದುಬಾವಲಿಗಳನ್ನು ಕೊಂಡು ಕೂಡಿಡುವವರಲ್ಲಿ ಕೆಲವರು ಅವನ್ನು ಧರಿಸಿದವರ ಕೃತ್ಯಗಳನ್ನು ಮರೆತುಬಿಡುವರು. ಅಪಾಯ ನಿಜವಾದುದು. ಜರ್ಮನಿಯ ಕಾನೂನು ನಾಜಿ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು ನಿಷೇಧಿಸುತ್ತದೆ. ಆದರೆ ಸಂಶೋಧನೆಗೂ ಶಿಕ್ಷಣಕ್ಕೂ ಅವಕಾಶವಿಟ್ಟಿದೆ. ಆ ವಿವೇಚನೆ ನಮಗೆ ಸರಿಯೆಂದು ತೋರುತ್ತದೆ. ವಿಷವನ್ನು ಗುರುತಿಸಲು ಕಲಿಯುವುದೂ ವಿಷವನ್ನು ಮೆಚ್ಚುವುದೂ ಒಂದೇ ಅಲ್ಲ. ಈ ತಿಳಿವಳಿಕೆಯನ್ನು ಸಂಗ್ರಾಹಕರ ಕೈಯಲ್ಲಿ ಮಾತ್ರ ಬಿಟ್ಟುಬಿಟ್ಟರೆ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ವಿದ್ಯಾಲಯಗಳು ಇದನ್ನು ತಮ್ಮದನ್ನಾಗಿ ಮಾಡಿಕೊಳ್ಳಬೇಕು.

ಅಭ್ಯಾಸಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಜರ್ಮನಿಯ ರಾಷ್ಟ್ರೀಯ ದಫ್ತರಖಾನೆಯು ೨೦೦೮ರ ಡಿಸೆಂಬರಿನಿಂದ ಎಂಬತ್ತು ಸಾವಿರಕ್ಕೂ ಹೆಚ್ಚಿನ ಹಳೆಯ ಚಿತ್ರಗಳನ್ನು ವಿಕಿಮೀಡಿಯ ಸಂಗ್ರಹದ ಮೂಲಕ ಜನರ ಉಪಯೋಗಕ್ಕೆ ಬಿಟ್ಟಿತು. ಯುದ್ಧಕಾಲದ ಪ್ರಚಾರ ದಳದವರು ಬರೆದ ಮೂಲ ಅಡಿಬರಹಗಳನ್ನು ಅಳಿಸದೆ, ಅವು ಪಕ್ಷಪಾತದಿಂದ ಕೂಡಿರಬಹುದು, ತಪ್ಪಾಗಿರಬಹುದು ಎಂಬ ಎಚ್ಚರಿಕೆಯೊಡನೆ ಅವನ್ನು ಹಾಗೆಯೇ ಉಳಿಸಿದೆ. ಪ್ರಾಮಾಣಿಕವಾದ ಕ್ರಮವೆಂದರೆ ಇದು.

ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ವಿಧಾನ ಸುಲಭವಾದುದು. ಒಂದು ಹಳೆಯ ಚಿತ್ರವನ್ನು ತೆಗೆದುಕೊಂಡು, ಅದರ ಅಡಿಬರಹವನ್ನು ಕಾಗದದಿಂದ ಮುಚ್ಚಿ, ಪಕ್ಕದಲ್ಲಿ ಮೂರು ಕಾಲಮುಗಳನ್ನು ಎಳೆಯಿರಿ. ಮೊದಲನೆಯದರಲ್ಲಿ ಕಂಡುದನ್ನು ಮಾತ್ರ ಬರೆಯಿರಿ: ‘ಎಡ ತೋಳಿನ ಮೇಲೆ ಗರುಡ’. ಎರಡನೆಯದರಲ್ಲಿ ಅದರಿಂದ ಊಹಿಸಿದುದನ್ನೂ ಊಹೆಗೆ ಕಾರಣವನ್ನೂ ಬರೆಯಿರಿ. ಮೂರನೆಯದರಲ್ಲಿ ತಿಳಿಯದುದನ್ನು ಬರೆಯಿರಿ. ಬಳಿಕ ಕಾಗದವನ್ನು ಸರಿಸಿ ಅಡಿಬರಹದೊಡನೆ ಹೋಲಿಸಿರಿ. ಮೂರನೆಯ ಕಾಲಮು ಉದ್ದವಾಗಿದ್ದರೆ ನಾಚಬೇಕಾದುದಿಲ್ಲ. ‘ತಿಳಿಯದು’ ಎಂಬ ಮಾತಿಗೆ ವಿಜ್ಞಾನದಲ್ಲಿ ಗೌರವದ ಸ್ಥಾನವಿದೆ. ಇತಿಹಾಸದಲ್ಲಿಯೂ ಅದಕ್ಕೆ ಅದೇ ಸ್ಥಾನ ದೊರೆಯಬೇಕು.

ಆ ಯುದ್ಧವನ್ನು ಕಣ್ಣಾರೆ ಕಂಡವರು ಈಗ ಬಹುಪಾಲು ಕಣ್ಮರೆಯಾಗಿದ್ದಾರೆ. ಅವರಿದ್ದಾಗ ತಪ್ಪು ಬರಹವನ್ನು ತಿದ್ದಲು ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರು. ಇನ್ನು ಮುಂದೆ ಆ ಕೆಲಸ ಓದುವವರದು, ಅಳೆಯುವವರದು, ಹೋಲಿಸಿ ನೋಡುವವರದು. ಕೊಂದವನನ್ನು ಕೊಂದವನೆಂದೂ, ಪಕ್ಕದಲ್ಲಿ ನಿಂತವನನ್ನು ನಿಂತವನೆಂದೂ, ಸತ್ತವನನ್ನು ಅವನ ಊರು, ದಿನ, ಹೆಸರುಗಳೊಡನೆಯೂ ಹೇಳುವುದು ಬದುಕಿರುವವರ ಋಣ. ಒಂದು ಕಾಲರಿನ ಪಟ್ಟಿಯನ್ನು ಸರಿಯಾಗಿ ಓದುವುದರಿಂದ ಆ ಋಣದಲ್ಲಿ ಒಂದು ಕಾಸಾದರೂ ಸಂದಾಯವಾಗುವುದಾದರೆ, ಅದಕ್ಕಾಗಿ ಕಳೆದ ಹೊತ್ತು ವ್ಯರ್ಥವೆಂದು ನಾವು ಭಾವಿಸುವುದಿಲ್ಲ.